ಪ್ರಥಮ ಚಿಕಿತ್ಸೆ ಡಬ್ಬಿ ಬೀರುವಿನಲ್ಲಿದ್ದರೆ ಏನು ಬಂತು?

ಹೋದ ವರ್ಷ ನಮ್ಮ ಮನೆಯಲ್ಲಿ ಅಕ್ಕನ ಮಗನ ಕಾಲ ಮೇಲೆ ಬಿಸಿ ಸಾರು ಚೆಲ್ಲಿತು. ಐದು ವರ್ಷದ ಹುಡುಗ. ಅವನ ಕಿರುಚಾಟ ಕೇಳಿ ಅಕ್ಕಪಕ್ಕದವರೆಲ್ಲ ಬಂದರು. ಒಬ್ಬರು ಟೂತ್‌ಪೇಸ್ಟ್ ಬಳಿದರು, ಇನ್ನೊಬ್ಬರು ಇಂಕು ಹಾಕಿ ಅಂದರು. ಪತ್ರಿಕೋದ್ಯಮ ಓದಿಕೊಂಡು ಬಂದ ನಾನು ಸುಮ್ಮನೆ ನೋಡುತ್ತಾ ನಿಂತಿದ್ದೆ. ಆಸ್ಪತ್ರೆಗೆ ಹೋದಾಗ ನರ್ಸಮ್ಮ ಮೊದಲು ಮಾಡಿದ ಕೆಲಸ ಆ ಪೇಸ್ಟನ್ನು ತೊಳೆದು ತೆಗೆದಿದ್ದು. ಸುಟ್ಟಾಗಿಗಿಂತ ಆಗಲೇ ಹುಡುಗ ಹೆಚ್ಚು ಅತ್ತ.

"ಮನೇಲಿ ನೀರಿರಲಿಲ್ವಾ?" ಅಂತ ಕೇಳಿದರು ಅವರು. ಇತ್ತು. ಸುಟ್ಟ ಜಾಗದ ಮೇಲೆ 20 ನಿಮಿಷ ತಣ್ಣೀರು ಹರಿಸಿ, ಒಗೆದ ಹತ್ತಿ ಬಟ್ಟೆಯನ್ನು ಸಡಿಲವಾಗಿ ಮುಚ್ಚಿ ಕರೆದುಕೊಂಡು ಬಂದಿದ್ದರೆ ಸಾಕಿತ್ತಂತೆ. ಐಸ್ ಕೂಡ ಬೇಡ, ಬೊಬ್ಬೆ ಒಡೆಯಲೂ ಬೇಡ.

ತಮಾಷೆ ಅಂದರೆ ನಮ್ಮ ಮನೆಯಲ್ಲಿ ಪ್ರಥಮ ಚಿಕಿತ್ಸೆ ಡಬ್ಬಿ ಇತ್ತು. ಯಾವುದೋ ಕಾರ್ಯಕ್ರಮದಲ್ಲಿ ಕೊಟ್ಟಿದ್ದು. ಅವ್ವ ಅದನ್ನು ಜೋಪಾನವಾಗಿ ಬೀರುವಿನಲ್ಲಿಟ್ಟು ಬೀಗ ಹಾಕಿದ್ದಳು. ಬೀಗದ ಕೈ ಅವಳ ಸೊಂಟದಲ್ಲಿ, ಅವಳು ಹೊಲದಲ್ಲಿ. ಆಮೇಲೆ ತೆಗೆದು ನೋಡಿದರೆ ಒಳಗೆ ಯಾರೋ ತಿಂದು ಬಿಟ್ಟ ಅರ್ಧರ್ಧ ಮಾತ್ರೆಯ ಪಟ್ಟಿಗಳು, ಹೆಸರು ಅಳಿಸಿಹೋದ ಒಂದು ಮುಲಾಮು, ಗ್ಯಾಸ್ ಬುಕ್ಕು. ಕತ್ತರಿ ಇರಲಿಲ್ಲ. ಬೀಜದ ಪ್ಯಾಕೆಟ್ ಕತ್ತರಿಸಲು ಅಪ್ಪ ತೆಗೆದುಕೊಂಡು ಹೋಗಿದ್ದರು.

ನಿಮ್ಮ ಮನೆಯ ಡಬ್ಬಿಯೂ ಹೀಗೇ ಇದ್ದರೆ ನನಗೆ ಆಶ್ಚರ್ಯವಿಲ್ಲ. ನಾವು ಅದನ್ನು ಔಷಧಿ ಡಬ್ಬಿ ಅಂದುಕೊಂಡಿದ್ದೇವೆ. ನನ್ನ ಪ್ರಕಾರ ಅದರಲ್ಲಿ ಔಷಧಿ ಆದಷ್ಟು ಕಡಿಮೆ ಇರಬೇಕು. ಹೋದ ಸಲ ಜ್ವರಕ್ಕೆ ಕೊಟ್ಟು ಉಳಿದ ಆ್ಯಂಟಿಬಯಾಟಿಕ್ ಅಲ್ಲಿರಲೇಬಾರದು. ಪ್ಯಾರಾಸಿಟಮಾಲ್ ಇರಲಿ. ಮಕ್ಕಳ ಸಿರಪ್ ಆದರೆ ಎಷ್ಟು ಕೊಡಬೇಕು ಅನ್ನುವುದು ಮಗುವಿನ ತೂಕದ ಮೇಲೆ ಹೋಗುತ್ತದೆ, ಡಾಕ್ಟರನ್ನು ಕೇಳಿ ಬಾಟಲಿ ಮೇಲೇ ಬರೆದಿಡಿ. ಓಆರ್‌ಎಸ್ ನಾಲ್ಕು ಪ್ಯಾಕೆಟ್ ಇರಲಿ; ದೊಡ್ಡ ಪ್ಯಾಕೆಟ್ ಒಂದಕ್ಕೆ ಒಂದು ಲೀಟರ್ ನೀರು, ಲೋಟಕ್ಕೆ ಸ್ವಲ್ಪ ಸ್ವಲ್ಪ ಹಾಕುವುದಲ್ಲ. ಕಲಸಿದ್ದು ಒಂದು ದಿನಕ್ಕೆ ಮಾತ್ರ.

ನಮ್ಮ ಹಳ್ಳಿ ಮನೆಗಳಲ್ಲಿ ಹೆಚ್ಚು ಆಗುವುದು ಕುಡುಗೋಲಿನ ಗಾಯ, ಮಚ್ಚಿನ ಗಾಯ. ಪೇಟೆ ಅಂಗಡಿಯ ರೆಡಿಮೇಡ್ ಡಬ್ಬಿಯಲ್ಲಿ ಬೆರಳಗಲದ ಬ್ಯಾಂಡೇಜ್ ಪಟ್ಟಿ ಹತ್ತಿಪ್ಪತ್ತು ಇರುತ್ತವೆ, ಆ ಗಾಯಕ್ಕೆ ಅವು ಯಾವ ಮೂಲೆಗೆ? ಅದಕ್ಕೇ ಗಾಜ್ ಬಟ್ಟೆ, ಅಗಲವಾದ ಬ್ಯಾಂಡೇಜ್ ಸುರುಳಿ, ಅಂಟುವ ಪ್ಲಾಸ್ಟರ್, ಅಯೋಡಿನ್ ಮುಲಾಮು ಇವನ್ನು ಬಿಡಿಬಿಡಿಯಾಗಿ ಮೆಡಿಕಲ್ ಶಾಪ್‌ನಲ್ಲಿ ಕೊಳ್ಳುವುದು ಮೇಲು. ರಕ್ತ ಸುರಿಯುತ್ತಿದ್ದರೆ ಗಾಜ್ ಇಟ್ಟು ಅಂಗೈಯಿಂದ ಗಟ್ಟಿಯಾಗಿ ಒತ್ತಿ ಹಿಡಿಯಿರಿ, ನಿಮಿಷಕ್ಕೊಮ್ಮೆ ಎತ್ತಿ ನೋಡಬೇಡಿ. ಗ್ಲೌಸ್ ಇಲ್ಲದಿದ್ದರೆ ಕೈಗೆ ಒಂದು ಸ್ವಚ್ಛ ಪ್ಲಾಸ್ಟಿಕ್ ಕವರ್ ಹಾಕಿಕೊಂಡರಾಯಿತು. ಅರಿಶಿನ, ಕಾಫಿಪುಡಿ ತುಂಬಬೇಡಿ. ಅರಿಶಿನದ ಮೇಲೆ ನನಗೇನೂ ಸಿಟ್ಟಿಲ್ಲ, ಆದರೆ ಹೊಲಿಗೆ ಹಾಕಬೇಕಾದ ಗಾಯದೊಳಗೆ ಅಡುಗೆಮನೆಯ ಪುಡಿ ಬೇಡ.

ಹಾವಿನ ವಿಷಯಕ್ಕೆ ಬಂದರೆ ಡಬ್ಬಿಯಲ್ಲಿ ಅದಕ್ಕೆ ಮದ್ದೇ ಇಲ್ಲ. ವಿಷದ ಇಂಜೆಕ್ಷನ್ ಆಸ್ಪತ್ರೆಯಲ್ಲೇ ಕೊಡಬೇಕು. ಬಿಗಿಯಾಗಿ ಕಟ್ಟುವುದು, ಬ್ಲೇಡ್ ಹಾಕುವುದು, ಬಾಯಲ್ಲಿ ಹೀರುವುದು ಮೂರೂ ಕೇಡು. ಬಳೆ, ಉಂಗುರ, ಕಾಲುಂಗುರ ತೆಗೆಯಿರಿ. ಮೂಳೆ ಮುರಿದಾಗ ಮಾಡುವ ಹಾಗೆ ಒಂದು ಪಟ್ಟಿ ಹಲಗೆ ಕೊಟ್ಟು ಆ ಕೈ ಅಥವಾ ಕಾಲು ಅಲುಗದಂತೆ ನೋಡಿಕೊಳ್ಳಿ, ನಡೆಸಬೇಡಿ. ನಮ್ಮ ರಾಜ್ಯ ಸರ್ಕಾರ 2024ರಲ್ಲಿ ಹಾವು ಕಡಿತದ ಪ್ರತಿ ಪ್ರಕರಣವನ್ನೂ ಆಸ್ಪತ್ರೆಗಳು ವರದಿ ಮಾಡಲೇಬೇಕು ಅಂತ ಮಾಡಿತು. ಒಳ್ಳೆಯದೇ. ಆದರೆ ನಿಮ್ಮೂರಿಗೆ ಹತ್ತಿರದ ಯಾವ ಆಸ್ಪತ್ರೆಯಲ್ಲಿ ಆ ಇಂಜೆಕ್ಷನ್ ಇದೆ, ರಾತ್ರಿ ಹೊತ್ತು ಅಲ್ಲಿ ಡಾಕ್ಟರ್ ಇರುತ್ತಾರಾ? ಕಡಿದ ಮೇಲೆ ವಿಚಾರಿಸುತ್ತಾ ಕೂರಲು ಹೊತ್ತಿರುವುದಿಲ್ಲ. ಆಶಾ ಅಕ್ಕನನ್ನು ಕೇಳೋಣ ಅಂದರೆ ಸಾವಿರ ಜನಕ್ಕೆ ಅವರೊಬ್ಬರು.

ಹಾಗಾಗಿ ಡಬ್ಬಿಯಲ್ಲಿ ಎಲ್ಲಕ್ಕಿಂತ ಬೆಲೆಬಾಳುವುದು ಒಂದು ಹಾಳೆ ಅನ್ನುತ್ತೇನೆ ನಾನು. ಅದರಲ್ಲಿ 108, ಇಂಜೆಕ್ಷನ್ ಇರುವ ಆಸ್ಪತ್ರೆಯ ಹೆಸರು, ರಾತ್ರಿ ಕರೆದರೆ ಬರುವ ಆಟೋದವರ ನಂಬರು, ಮನೆಯಲ್ಲಿ ಯಾರಿಗೆ ಯಾವ ಮಾತ್ರೆ ಆಗುವುದಿಲ್ಲ, ಯಾರಿಗೆ ಟಿಟಿ ಇಂಜೆಕ್ಷನ್ ಯಾವಾಗ ಆಗಿದೆ, ಇಷ್ಟು ಇರಲಿ. ಕೆಳಗೆ ಇನ್ನೊಂದು ಸಾಲು: ಯಾರಾದರೂ ಕೀಟನಾಶಕ ಕುಡಿದಿದ್ದರೆ ವಾಂತಿ ಮಾಡಿಸಬೇಡಿ, ಬಾಟಲಿಯನ್ನೂ ಜೊತೆಗೆ ಒಯ್ಯಿರಿ. ದಪ್ಪ ಅಕ್ಷರದಲ್ಲಿ, ಕನ್ನಡದಲ್ಲಿ ಬರೆಯಿರಿ. ಮನೆಯಲ್ಲಿ ದೊಡ್ಡವರಿಲ್ಲದಾಗ ಓದುವುದು ಆರನೇ ಕ್ಲಾಸಿನ ಹುಡುಗಿ.

ನಮ್ಮ ಡಬ್ಬಿ ಈಗ ಬೀರುವಿನಿಂದ ಹೊರಗೆ ಬಂದಿದೆ. ಮಾತ್ರೆ ಇರುವುದರಿಂದ ಅಕ್ಕನ ಮಗನ ಕೈಗೆ ಎಟುಕದಷ್ಟು ಎತ್ತರದಲ್ಲಿ, ಅಡುಗೆಮನೆ ಬಾಗಿಲ ಪಕ್ಕದ ಮೊಳೆಗೆ ಚೀಲದಲ್ಲಿ ನೇತುಹಾಕಿದ್ದೇವೆ. ಬೀಗ ಇಲ್ಲ. ಎಲ್ಲ ಸೇರಿ ಐನೂರು ರೂಪಾಯಿ ದಾಟಲಿಲ್ಲ. ಯುಗಾದಿಗೊಮ್ಮೆ, ದೀಪಾವಳಿಗೊಮ್ಮೆ ಎಕ್ಸ್‌ಪೈರಿ ದಿನಾಂಕ ನೋಡುವುದು ಅಂತ ಮಾತಾಗಿದೆ. ಕತ್ತರಿಯನ್ನು ಮಾತ್ರ ದಾರದಲ್ಲಿ ಚೀಲಕ್ಕೇ ಕಟ್ಟಿದ್ದೇನೆ. ಅಪ್ಪನಿಗೆ ಇನ್ನೂ ಸಮಾಧಾನವಿಲ್ಲ.