ಅಪ್ಪನಿಗೆ ಕಾರು ಕೊಡಿಸಿದಿರಿ, ಕೈಪಿಡಿ ಯಾರು ಓದಬೇಕು?

ಬೆಂಗಳೂರಿನಲ್ಲಿ ಕುಳಿತಿರುವ ಹಾನಗಲ್, ಶಿಗ್ಗಾವಿ, ಸವಣೂರು, ಹಿರೇಕೆರೂರಿನ ಹುಡುಗರೇ, ಹುಡುಗಿಯರೇ, ಈ ಮಾತು ನಿಮಗೆ. ಸಾಲ ಮಾಡಿ, ತಿಂಗಳು ತಿಂಗಳು ಕಂತು ಕಟ್ಟುತ್ತ, ಊರಿನ ಮನೆಗೆ ಒಂದು ಕಾಂಪ್ಯಾಕ್ಟ್ ಎಸ್‌ಯುವಿ ಕಳಿಸಿದ್ದೀರಿ. ಸಂತೋಷ. ಕೆಎ-27ರ ಆ ಎತ್ತರದ ಗಾಡಿ ಅಂಗಳದಲ್ಲಿ ನಿಂತರೆ ಅವ್ವನ ಮುಖ ಅರಳುತ್ತದೆ. ಓಣಿಯ ಹುಡುಗರು ಗಾಜಿನೊಳಗೆ ಇಣುಕುತ್ತಾರೆ. ಆದರೆ ಆ ಗಾಡಿಯ ಡ್ಯಾಶ್‌ಬೋರ್ಡಿನ ಡಬ್ಬಿಯಲ್ಲಿ ಬಿದ್ದಿರುವ ದಪ್ಪ ಪುಸ್ತಕವನ್ನು ಎಂದಾದರೂ ತೆಗೆದು ನೋಡಿದ್ದೀರಾ? ಇಂಗ್ಲಿಷ್! ಪರದೆಯ ಮೇಲೆ ಮೂಡುವ ಎಚ್ಚರಿಕೆ? ಇಂಗ್ಲಿಷ್! ವಿಮೆಯ ಪತ್ರ, ಸರ್ವಿಸ್ ಬಿಲ್ಲು? ಅವೂ ಇಂಗ್ಲಿಷ್! ಇನ್ನು ಓಡಿಸುವವರು ಯಾರು? ಮುಲ್ಕಿ ಮುಗಿಸಿ ಹೊಲ ಹಿಡಿದ ನಿಮ್ಮ ಅಪ್ಪ.

ಗಾಡಿ ಕೆಟ್ಟದ್ದು ಎಂದು ಯಾರೂ ಹೇಳುತ್ತಿಲ್ಲ. ಈ ನಾಲ್ಕು ತಾಲೂಕುಗಳಲ್ಲಿ ಇಂಥ ಕಾರು ಇಟ್ಟುಕೊಂಡವರನ್ನು ಮಾತಿಗೆಳೆದು ನೋಡಿ, ಮೊದಲು ಹೊಗಳಿಕೆಯೇ ಬರುತ್ತದೆ. ಸೀಟು ಎತ್ತರದಲ್ಲಿದೆ, ಮಂಡಿ ನೋವಿನ ಅಜ್ಜಿ ಬಗ್ಗದೆ ಹತ್ತುತ್ತಾಳೆ, ಇಳಿಯುತ್ತಾಳೆ. ನೆಲದಿಂದ ಹೊಟ್ಟೆಗೆ ಸುಮಾರು 190ರಿಂದ 210 ಮಿಲಿಮೀಟರ್ ಅಂತರ ಇರುವುದರಿಂದ, ಸಣ್ಣ ಕಾರಿನ ಹೊಟ್ಟೆ ಕೆರೆಯುವ ಹಂಪುಗಳನ್ನು ಇದು ದಾಟುತ್ತದೆ. ಶಿಶುನಾಳಕ್ಕೆ, ಶಿರಸಿಯ ಜಾತ್ರೆಗೆ ಹೋಗಲು ಕ್ರೂಸರ್ ಗಾಡಿಯವನ ಕೈಕಾಲು ಹಿಡಿಯಬೇಕಿಲ್ಲ. (ಐದು ಸೀಟಿನಲ್ಲಿ ಎಂಟು ಜನ ಕೂರುವುದು ಬೇರೆ ಮಾತು. ಬೆಲ್ಟ್ ಹಾಕದೆ ಮುಂದೆ ಕೂತವನಿಗೆ ಏರ್‌ಬ್ಯಾಗೇ ಏಟು ಕೊಡಬಲ್ಲದು ಎಂದು ಅವರಿಗೆ ಯಾರು ಹೇಳಿದ್ದಾರೆ?)

ಹೊಗಳಿಕೆ ಮುಗಿದ ಮೇಲೆ ಗೊಣಗಾಟ ಶುರು. ಡಿಕ್ಕಿಯಲ್ಲಿ ಗೋವಿನಜೋಳದ ಚೀಲ ಇಟ್ಟರೆ ಲಗೇಜಿಗೆ ಜಾಗವಿಲ್ಲ ಎನ್ನುತ್ತಾರೆ. ಇದಕ್ಕೆ ಕಾರಣ ದಿಲ್ಲಿಯ ತೆರಿಗೆ ಲೆಕ್ಕ. ಗಾಡಿಯ ಉದ್ದ 4 ಮೀಟರ್ ಒಳಗಿದ್ದು, ಪೆಟ್ರೋಲ್ ಎಂಜಿನ್ 1200 ಸಿಸಿ, ಡೀಸೆಲ್ ಆದರೆ 1500 ಸಿಸಿ ಮೀರದಿದ್ದರೆ ಅದು ‘ಸಣ್ಣ ಕಾರು’. 2006ರ ಬಜೆಟ್ಟಿನಲ್ಲಿ ಹುಟ್ಟಿದ ಈ ಗೆರೆ ಇಂದಿಗೂ ಅಳಿಸಿಲ್ಲ. 2025ರ ಸೆಪ್ಟೆಂಬರ್ 22ರಿಂದ ಗೆರೆಯ ಒಳಗಿನವಕ್ಕೆ ಶೇ. 18 ಜಿಎಸ್‌ಟಿ, ಹೊರಗಿನವಕ್ಕೆ ಶೇ. 40. ಅದಕ್ಕೇ ನೆಕ್ಸಾನ್, ವೆನ್ಯೂ, ಸೋನೆಟ್ ಎಲ್ಲವೂ ಅಳತೆ ಪಟ್ಟಿ ಹಿಡಿದಂತೆ 3995 ಮಿಲಿಮೀಟರ್! ಮುಂದಿನ ಮೂತಿ ಜೀಪಿನದು, ಹಿಂಭಾಗಕ್ಕೆ ಕತ್ತರಿ.

ಆ ಮೂತಿಯನ್ನು ನಂಬಿ ಕೆಟ್ಟವರೂ ಇದ್ದಾರೆ. ಸವಣೂರು ಸೀಮೆಯ ಎರೆ ಮಣ್ಣು ನಿಮಗೆ ಗೊತ್ತು, ಒಂದು ಮಳೆ ಬಿದ್ದರೆ ಎತ್ತಿನ ಕಾಲೇ ಕಿತ್ತು ಬರುವುದಿಲ್ಲ. ಜೀಪಿನಂತೆ ಕಾಣುವ ಈ ಗಾಡಿಗಳಲ್ಲಿ ಬಹುಪಾಲಿಗೆ ಎಂಜಿನ್ನಿನ ಬಲ ಹೋಗುವುದು ಮುಂದಿನ ಎರಡು ಗಾಲಿಗೆ ಮಾತ್ರ. ಹೊಲದ ದಾರಿಗೆ ಇಳಿಸಿದಿರೋ, ಗಾಲಿ ಅಲ್ಲೇ ಗಿರಗಿರ ತಿರುಗಿ ಹೂತುಕೊಳ್ಳುತ್ತದೆ. ಆಮೇಲೆ ಟ್ರ್ಯಾಕ್ಟರೇ ಗತಿ. ಜಾಹೀರಾತಿನಲ್ಲಿ ಮಾತ್ರ ಅದು ಬಂಡೆ ಹತ್ತುತ್ತದೆ, ಹೊಳೆ ಹಾಯುತ್ತದೆ!

ಇನ್ನು ಮೈಲೇಜು. ಪೆಟ್ರೋಲಿಗೆ ಶೇ. 20 ಎಥನಾಲ್ ಬೆರೆತ ಮೇಲೆ ಲೀಟರಿಗೆ ಓಟ ಇಳಿಯಿತು ಎಂಬ ದೂರು ದೇಶದ ತುಂಬ ಇದೆ, ಇಲ್ಲಿಯೂ ಇದೆ. ಎಥನಾಲನ್ನು ಕಬ್ಬಿನಿಂದ, ಗೋವಿನಜೋಳದಿಂದ ಮಾಡುತ್ತಾರೆ. ನಮ್ಮ ರೈತ ಒಂದು ಕೈಯಲ್ಲಿ ಜೋಳ ಮಾರಿ ಇನ್ನೊಂದು ಕೈಯಲ್ಲಿ ಅದನ್ನೇ ಟ್ಯಾಂಕಿಗೆ ಸುರಿಯುತ್ತಿದ್ದಾನೆ. ಇದರ ವಿಚಾರ ಇನ್ನೊಮ್ಮೆ ಬರೆಯೋಣ.

ನಿಜವಾದ ಪೆಟ್ಟು ಬೀಳುವುದು ಡೀಸೆಲ್ ಗಾಡಿಯವರಿಗೆ, ಅದೂ ಭಾಷೆಯ ಕಾರಣಕ್ಕೆ. 2020ರ ಏಪ್ರಿಲ್ 1ರಿಂದ ಬಿಎಸ್-6 ನಿಯಮ ಬಂತು. ಅಲ್ಲಿಂದೀಚಿನ ಡೀಸೆಲ್ ಕಾರಿನ ಹೊಗೆ ಕೊಳವೆಯಲ್ಲಿ ಮಸಿ ಹಿಡಿಯುವ ಒಂದು ಜಾಲರಿ ಇದೆ, ಡಿಪಿಎಫ್ ಎನ್ನುತ್ತಾರೆ. ಗಾಡಿ ದೂರದ ದಾರಿಯಲ್ಲಿ ಒಂದೇ ವೇಗದಲ್ಲಿ ಓಡಿ ಹೊಗೆ ಚೆನ್ನಾಗಿ ಕಾದಾಗ ಆ ಮಸಿ ತಾನೇ ಸುಟ್ಟು ಹೋಗುತ್ತದೆ. ಮನೆಯಿಂದ ಎಪಿಎಂಸಿಗೆ, ಎಪಿಎಂಸಿಯಿಂದ ಹೊಲಕ್ಕೆ, ಮತ್ತೆ ಮನೆಗೆ ಎಂದು ಎರಡೆರಡು ಮೈಲಿ ಓಡಿಸಿ ನಿಲ್ಲಿಸುತ್ತಿದ್ದರೆ ಸುಡುವುದಿಲ್ಲ, ಕಟ್ಟಿಕೊಳ್ಳುತ್ತದೆ. ಆಗ ಹಳದಿ ದೀಪ ಹತ್ತುತ್ತದೆ, ಪರದೆಯ ಮೇಲೆ ಇಂಗ್ಲಿಷಿನಲ್ಲಿ ಒಂದು ಸಾಲು ಮೂಡುತ್ತದೆ. ಅದರ ಅರ್ಥ ಇಷ್ಟೇ: ‘ಎಂಜಿನ್ ಆರಿಸಬೇಡಿ, ಹೆದ್ದಾರಿಗೆ ಹೋಗಿ ಸ್ವಲ್ಪ ಹೊತ್ತು ಒಂದೇ ವೇಗದಲ್ಲಿ ಓಡಿಸಿ.’ ಬಹುಮಟ್ಟಿಗೆ 15-20 ನಿಮಿಷದ ಕೆಲಸ. ಶಿಗ್ಗಾವಿಯವರಾದರೆ ತಡಸ ಕ್ರಾಸ್‌ವರೆಗೆ ಹೋಗಿ ಬಂದರೆ ಸಾಕು, ಖರ್ಚು ನೂರಿನ್ನೂರು ರೂಪಾಯಿಯ ಡೀಸೆಲ್.

ನಮ್ಮ ಅಪ್ಪಂದಿರು ಏನು ಮಾಡುತ್ತಾರೆ? ದೀಪ ಹತ್ತಿತು ಎಂದರೆ ಏನೋ ಕೆಟ್ಟಿತು ಎಂದು ಹೆದರಿ ಗಾಡಿಯನ್ನು ಅಲ್ಲೇ ಆರಿಸುತ್ತಾರೆ! ಟ್ರ್ಯಾಕ್ಟರಿನ ಬುದ್ಧಿ ಅದು, ತಪ್ಪಲ್ಲ. ಬಿಸಿಯಾದ ಎಂಜಿನ್ ಆರಿಸು ಎಂದೇ ಅವರ ಅನುಭವ ಹೇಳುತ್ತದೆ. ಇಲ್ಲಿ ಮಾಡಬೇಕಾದದ್ದು ಅದಕ್ಕೆ ತದ್ವಿರುದ್ಧ. ನಾಲ್ಕು ಸಲ ಹೀಗೆ ಆರಿಸಿದರೆ ಜಾಲರಿ ಕಟ್ಟಿ, ಗಾಡಿ ಏದುಸಿರು ಬಿಡುತ್ತ ತೆವಳುತ್ತದೆ. ಸವಣೂರಿನ ಗ್ಯಾರೇಜಿನ ಮೇಸ್ತ್ರಿ ಪಾನಾ ಹಿಡಿದು ಏನೂ ಮಾಡಲಾರ, ಸ್ಕ್ಯಾನರ್ ಬೇಕು. ಹಾವೇರಿಗೋ ರಾಣೆಬೆನ್ನೂರಿಗೋ ಹುಬ್ಬಳ್ಳಿಗೋ ಎಳೆದುಕೊಂಡು ಹೋಗಬೇಕು. ಜಾಲರಿಯೇ ಬದಲಿಸಬೇಕೆಂದರೆ ಒಂದು ಫಸಲಿನ ಲಾಭ ಹೋಯಿತು. ಒಂದೇ ಒಂದು ಕನ್ನಡ ಸಾಲು ಇದ್ದಿದ್ದರೆ ಉಳಿಯುತ್ತಿದ್ದ ದುಡ್ಡು ಇದು, ಸ್ವಾಮಿ! ಹಿರೇಕೆರೂರಿನವರಿಗಂತೂ ರಾಷ್ಟ್ರೀಯ ಹೆದ್ದಾರಿ ಮನೆ ಬಾಗಿಲಿನಲ್ಲಿಲ್ಲ. ಅಲ್ಲಿ ಊರೊಳಗೇ ಓಡಾಡುವವರಿಗೆ ಡೀಸೆಲ್ ಬೇಡ, ಪೆಟ್ರೋಲ್ ತೆಗೆದುಕೊಳ್ಳಿ ಎಂದು ಕೊಳ್ಳುವಾಗಲೇ ಕನ್ನಡದಲ್ಲಿ ಹೇಳುವವರು ಎಷ್ಟು ಮಂದಿ?

ಇನ್ನೊಂದು ಮಳೆಗಾಲದ ಮಾತು. 2019ರ ಆಗಸ್ಟ್‌ನಲ್ಲಿ ವರದಾ, ಧರ್ಮಾ ನದಿಗಳು ಉಕ್ಕಿ ಹಾನಗಲ್, ಸವಣೂರು ಕಡೆ ಏನಾಯಿತು ಎಂಬುದನ್ನು ನೀವು ಕಂಡಿದ್ದೀರಿ. ಗಾಡಿ ಎತ್ತರವಿದೆ ಎಂಬ ಧೈರ್ಯದಲ್ಲಿ ಸೇತುವೆ ಮೇಲಿನ ನೀರಿಗೆ ಇಳಿಸುವವರಿದ್ದಾರೆ. ಗಾಳಿ ಎಳೆಯುವ ಕೊಳವೆಯಿಂದ ನೀರು ಎಂಜಿನ್ನಿಗೆ ನುಗ್ಗಿದರೆ ಗಾಡಿ ನಿಲ್ಲುತ್ತದೆ. ಮತ್ತೆ ಚಾವಿ ತಿರುಗಿಸಿದರೆ ಒಳಗಿನ ರಾಡು ಬಾಗಿ ಎಂಜಿನ್ನೇ ಹೋಯಿತು. ಆಗ ವಿಮೆಯವರು ಹೇಳುವುದೇನು? ‘ಎಂಜಿನ್ ರಕ್ಷಣೆ ಎಂಬ ಹೆಚ್ಚುವರಿ ಕವರು ನೀವು ತೆಗೆದುಕೊಂಡಿಲ್ಲ, ಪಾಲಿಸಿಯಲ್ಲಿ ಬರೆದಿದೆ ನೋಡಿ.’ ಹೌದು, ಬರೆದಿದೆ. ಇರುವೆಯಂಥ ಅಕ್ಷರದಲ್ಲಿ, ಇಂಗ್ಲಿಷಿನಲ್ಲಿ! ಕೆಳಗೆ ಅಪ್ಪನ ಸಹಿ ಮಾತ್ರ ಅಚ್ಚ ಕನ್ನಡದಲ್ಲಿ.

ಸರ್ವಿಸ್ ಸೆಂಟರಿನ ಕೌಂಟರಿನಲ್ಲಿ ಕೂತ ಹುಡುಗ ಬಹುಸಾರಿ ನಮ್ಮವನೇ. ‘ಬರ್ರಿ ಕಾಕಾ, ಕುಂದರ್ರಿ, ಚಾ ಕುಡೀರಿ’ ಎಂದು ಬಾಯ್ತುಂಬ ಮಾತಾಡುತ್ತಾನೆ. ಅವನನ್ನು ಬೈಯಬೇಡಿ. ಆದರೆ ಕಾಕಾ ಹೇಳಿದ ‘ಎಡಗಡೆ ಕಟಕಟ ಅಂತೈತಿ’ ಎಂಬ ಮಾತು ಅವನ ಕಂಪ್ಯೂಟರಿನಲ್ಲಿ ಯಾವುದೋ ಇಂಗ್ಲಿಷ್ ಪದವಾಗುತ್ತದೆ. ಸಂಜೆ ಕೈಗೆ ಬರುವ ಬಿಲ್ಲಿನಲ್ಲಿ ಆ ಕಟಕಟ ಎಲ್ಲಿದೆ, ಕೇಳದೆ ಹಾಕಿದ ಪಾಲಿಶ್ ಎಲ್ಲಿದೆ ಎಂದು ಹುಡುಕಲು ಕಾಕಾನಿಗೆ ಆಗುವುದಿಲ್ಲ. ದುಡ್ಡು ಎಣಿಸಿ ಕೊಟ್ಟು ಬರುತ್ತಾನೆ.

‘ಕಾರಿನ ತಂತ್ರಜ್ಞಾನ ಕನ್ನಡಕ್ಕೆ ಬರುವುದಿಲ್ಲ’ ಎಂದು ಯಾರಾದರೂ ಹೇಳಿದರೆ ನಿಮ್ಮ ಕಿಸೆಯ ಫೋನು ತೋರಿಸಿ. ಗೂಗಲ್ ಮ್ಯಾಪ್ ಕನ್ನಡದಲ್ಲಿ ದಾರಿ ಹೇಳುತ್ತದೆ. ಎಷ್ಟೋ ಕಾರುಗಳು ಹಿಂದಿಯಲ್ಲಿ ಹೇಳಿದರೆ ಕಿಟಕಿ ಇಳಿಸುತ್ತವೆ. ಹಿಂದಿ ಕಲಿತ ಯಂತ್ರಕ್ಕೆ ಕನ್ನಡ ಕಲಿಸಲು ಆಗದೇ? ಆಗುತ್ತದೆ. ನಾವು ಕೇಳಿಲ್ಲ, ಅವರು ಕೊಟ್ಟಿಲ್ಲ.

ಕೇಳಲು ಕಾನೂನಿನ ಬಲವೂ ಇದೆ. 2022ರ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಅಧಿನಿಯಮದ ಪ್ರಕಾರ ಕರ್ನಾಟಕದಲ್ಲಿ ತಯಾರಾಗಿ ಇಲ್ಲೇ ಮಾರಾಟವಾಗುವ ಸರಕುಗಳ ಮೇಲೆ ಹೆಸರು ಮತ್ತು ಬಳಕೆಯ ಸೂಚನೆ ಕನ್ನಡದಲ್ಲೂ ಇರಬೇಕು. 2025ರ ಫೆಬ್ರವರಿಯಲ್ಲಿ ಸರ್ಕಾರ ಇದನ್ನು ಆದೇಶ ಹೊರಡಿಸಿ ಮತ್ತೆ ನೆನಪಿಸಿತು. ಸಾಬೂನಿಗೆ, ಬಿಸ್ಕತ್ತಿಗೆ ಮಾತ್ರವೇ ಈ ಮಾತು? ಬಿಡದಿಯ ಕಾರ್ಖಾನೆಯಲ್ಲಿ ಹೈರೈಡರ್, ಗ್ರಾಂಡ್ ವಿಟಾರಾದಂಥ ಎಸ್‌ಯುವಿಗಳು ತಯಾರಾಗುತ್ತವೆ. ಹತ್ತು ಲಕ್ಷ ಮೀರುವ ಗಾಡಿಯ ಕೈಪಿಡಿ ಬಳಕೆಯ ಸೂಚನೆ ಅಲ್ಲದೆ ಮತ್ತೇನು? ಈ ಪ್ರಶ್ನೆಯನ್ನು ಸರ್ಕಾರಕ್ಕೂ ಕೇಳಬೇಕು, ಕಂಪನಿಗಳಿಗೂ ಕೇಳಬೇಕು. ಹೊರ ರಾಜ್ಯದಲ್ಲಿ ತಯಾರಾಗುವ ಗಾಡಿಗೆ ಈ ಕಲಮು ತಾಗುವುದಿಲ್ಲ, ನಿಜ. ಅಲ್ಲಿ ಗ್ರಾಹಕನ ಬಾಯಿಯೇ ಕಾನೂನು.

ಕೆಲಸಕ್ಕೆ ಬನ್ನಿ. ಗಾಡಿ ಬುಕ್ ಮಾಡುವಾಗಲೇ ಅರ್ಜಿಯ ಮೇಲೆ ಕನ್ನಡದಲ್ಲಿ ಬರೆಯಿರಿ: ‘ಕೈಪಿಡಿ, ವಾರಂಟಿ ಷರತ್ತು, ವಿಮೆಯ ವಿವರ ಕನ್ನಡದಲ್ಲಿ ಬೇಕು.’ ಸಹಿ ಮಾಡಿ, ನಕಲು ಇಟ್ಟುಕೊಳ್ಳಿ. ಈಗಾಗಲೇ ಕೊಂಡಿದ್ದೀರಾ? ಈ ಸಲ ಹಬ್ಬಕ್ಕೆ ಊರಿಗೆ ಹೋದಾಗ ಅರ್ಧ ದಿನ ಅಪ್ಪನ ಪಕ್ಕ ಕೂತು ಪ್ರತಿ ದೀಪದ ಅರ್ಥವನ್ನು ಕನ್ನಡದಲ್ಲಿ ಬರೆದು ಡ್ಯಾಶ್‌ಬೋರ್ಡಿಗೆ ಅಂಟಿಸಿ. ಡಿಪಿಎಫ್ ದೀಪ ಮೊದಲ ಸಾಲಿನಲ್ಲಿರಲಿ. ಎರಡನೆಯದು, ‘ನೀರಿನಲ್ಲಿ ನಿಂತರೆ ಚಾವಿ ತಿರುಗಿಸಬೇಡಿ’.

ಮೋಸವಾಗಿದ್ದರೆ ಬೆಂಗಳೂರಿಗೆ ಅಲೆಯಬೇಕಿಲ್ಲ. 2020ರ ಜುಲೈನಲ್ಲಿ ಜಾರಿಗೆ ಬಂದ ಹೊಸ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಗ್ರಾಹಕ ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಕಂಪನಿಯ ಕಚೇರಿ ಯಾವ ಊರಿನಲ್ಲಾದರೂ ಇರಲಿ, ನಿಮ್ಮ ಅಪ್ಪನಿಗೆ ಹಾವೇರಿಯ ಜಿಲ್ಲಾ ಗ್ರಾಹಕ ಆಯೋಗವೇ ಸಾಕು. ವಕೀಲರು ಇರಲೇಬೇಕೆಂದಿಲ್ಲ. ಕೊಟ್ಟ ಬೆಲೆ 5ರಿಂದ 10 ಲಕ್ಷವಾದರೆ ಶುಲ್ಕ 200 ರೂಪಾಯಿ, 20 ಲಕ್ಷದವರೆಗೆ 400. ದೂರನ್ನು ಕನ್ನಡದಲ್ಲೇ ಬರೆಯಿರಿ. ಆ ಇಂಗ್ಲಿಷ್ ಬಿಲ್ಲನ್ನು ಅದಕ್ಕೆ ಲಗತ್ತಿಸಿ, ಒಂದೊಂದು ಸಾಲಿನ ಅರ್ಥವನ್ನೂ ಕಂಪನಿಯವರೇ ಆಯೋಗದ ಮುಂದೆ ಕನ್ನಡದಲ್ಲಿ ಬಿಡಿಸಿ ಹೇಳಬೇಕು ಎಂದು ಕೇಳಿ.