ನೆಟ್ ಇದೆ, ಆದರೂ ಬರ್ತಿಲ್ಲ!



ಈ ಸಲ ಬಂದ ಪತ್ರಗಳಲ್ಲಿ ನಾಲ್ಕು ಒಂದೇ ಜಿಲ್ಲೆಯವು: ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು. ದಾವಣಗೆರೆ ಜಿಲ್ಲೆಯಲ್ಲಿ ಇರುವುದೇ ಆರು ತಾಲ್ಲೂಕು. ದಾವಣಗೆರೆ ಮತ್ತು ಹರಿಹರದವರು ಮಾತ್ರ ಈ ವಾರ ಆರಾಮಾಗಿದ್ದಾರೆ ಅಂತ ಕಾಣುತ್ತದೆ. ನಾಲ್ಕೂ ಪತ್ರಗಳ ದೂರು ಹೆಚ್ಚುಕಡಿಮೆ ಒಂದೇ: ನೆಟ್ ಇದೆ, ಆದರೆ ಪ್ರೋಗ್ರಾಂ ಮಾತ್ರ ಕನೆಕ್ಟ್ ಆಗುತ್ತಿಲ್ಲ.

ಇಂಥ ದೂರು ಬಂದಾಗ ನಾನು ಮೊದಲು ಕೇಳುವುದು, ಎಲ್ಲಿಯವರೆಗೆ ಬರುತ್ತಿದೆ ಎಂದು. ಭದ್ರಾ ನಾಲೆಯ ಕೊನೆ ಭಾಗದಲ್ಲಿ ಗದ್ದೆ ಇರುವ ಅಜ್ಜಂದಿರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಗದ್ದೆಗೆ ನೀರು ಬರಲಿಲ್ಲ ಅಂದರೆ ನೀವು ಕಾಲುವೆ ಹಿಡಿದು ಮೇಲಕ್ಕೆ ನಡೆಯುತ್ತೀರಿ. ಪಕ್ಕದವರ ಗದ್ದೆಗೆ ಬಂದಿದೆಯೇ? ತೂಬಿನ ಹತ್ತಿರ ಇದೆಯೇ? ನೀರು ಇರುವ ಜಾಗಕ್ಕೂ ಇಲ್ಲದ ಜಾಗಕ್ಕೂ ನಡುವೆ ಎಲ್ಲೋ ಕಸ ಕಟ್ಟಿದೆ ಅಂತ ಅರ್ಥ. ನೆಟ್ಟಿನ ಕಥೆಯೂ ಅದೇ. ಅದೇ ಕಂಪ್ಯೂಟರಿನಲ್ಲಿ ಬೇರೆ ವೆಬ್‌ಸೈಟ್ ತೆರೆಯುತ್ತದೆಯೇ? ತೆರೆದರೆ ಕಾಲುವೆ ಸರಿಯಿದೆ, ತೊಂದರೆ ಆ ಒಂದು ಪ್ರೋಗ್ರಾಮಿನದು ಅಥವಾ ಅದು ಹುಡುಕಿಕೊಂಡು ಹೋಗುವ ಸರ್ವರಿನದು. ಏನೂ ತೆರೆಯದಿದ್ದರೆ ಅದೇ ವೈಫೈಗೆ ಅಮ್ಮನ ಫೋನ್ ಹಾಕಿ ನೋಡಿ. ಫೋನಿಗೆ ಬರುತ್ತದೆ, ಕಂಪ್ಯೂಟರಿಗಿಲ್ಲ ಅಂದರೆ ಕಂಪ್ಯೂಟರಿನದೇ ತಕರಾರು. ಕೊನೆಗೆ ವೈಫೈ ಬಿಡಿಸಿ ಫೋನಿನ ಹಾಟ್‌ಸ್ಪಾಟ್ ಕೊಡಿ. ಈಗ ಸರಿಹೋದರೆ ತೊಂದರೆ ಮನೆಯ ವೈಫೈ ಡಬ್ಬಿಯಲ್ಲಿದೆ, ಇಲ್ಲವೇ ಅದಕ್ಕೆ ಬರುವ ತಂತಿಯಲ್ಲಿದೆ.

ಒಮ್ಮೊಮ್ಮೆ ಅಣೆಕಟ್ಟೆಯೇ ಬಾಗಿಲು ಹಾಕಿಕೊಂಡುಬಿಡುತ್ತದೆ. 2021ರ ಅಕ್ಟೋಬರ್ 4ರ ರಾತ್ರಿ ಫೇಸ್‌ಬುಕ್, ವಾಟ್ಸ್ಆ್ಯಪ್, ಇನ್‌ಸ್ಟಾಗ್ರಾಂ ಮೂರೂ ಇಡೀ ಜಗತ್ತಿನಲ್ಲಿ ಸುಮಾರು ಆರು ತಾಸು ನಿಂತಿದ್ದವು. ಆ ಕಂಪನಿಯ ಒಳಗೇ ಒಂದು ಬದಲಾವಣೆ ಮಾಡಲು ಹೋಗಿ ಅದರ ಸರ್ವರುಗಳಿಗೆ ಹೋಗುವ ದಾರಿಯೇ ಅಳಿಸಿಹೋಗಿತ್ತು. ಅಂಥ ಹೊತ್ತಿನಲ್ಲಿ ನಿಮ್ಮ ಫೋನನ್ನು ಎಷ್ಟು ಸಲ ಆಫ್-ಆನ್ ಮಾಡಿದರೂ ಬ್ಯಾಟರಿ ಖರ್ಚು ಅಷ್ಟೆ.

ಈಗ ಜಗಳೂರಿನ ಪತ್ರ. ಬರೆದವಳು ಒಂಬತ್ತನೇ ತರಗತಿ ಹುಡುಗಿ. ಚಿಕ್ಕಪ್ಪನ ಹಳೆಯ ಕಂಪ್ಯೂಟರಿನಲ್ಲಿ ವಿದ್ಯಾರ್ಥಿವೇತನದ ಅರ್ಜಿ ತುಂಬಲು ಕೂತಿದ್ದಾಳೆ. ಕರೆಂಟ್ ಹೋಗಿ ಬಂದ ಮೇಲೆ ಯಾವ ಪುಟ ತೆರೆದರೂ ‘ನಿಮ್ಮ ಸಂಪರ್ಕ ಸುರಕ್ಷಿತವಲ್ಲ’ ಎಂಬ ಕೆಂಪು ಗುರುತು. ಕೊನೆಯ ದಿನಾಂಕ ಹತ್ತಿರ ಬರುತ್ತಿದೆ. ಪತ್ರದ ಕೆಳಗೆ ಅವಳೇ ಒಂದು ಮಾತು ಸೇರಿಸಿದ್ದಾಳೆ: ಕಂಪ್ಯೂಟರಿನ ಮೂಲೆಯ ಗಡಿಯಾರ 2009 ಅಂತ ತೋರಿಸುತ್ತಿದೆಯಂತೆ. ಭಲೇ ಹುಡುಗಿ! ಉತ್ತರ ನಿನ್ನ ಪತ್ರದಲ್ಲೇ ಇದೆ.

ನೀನು ಬಸ್ ಪಾಸ್ ತೋರಿಸಿದೆ ಅಂದುಕೋ. ಕಂಡಕ್ಟರ್ ತನ್ನ ಕೈಗಡಿಯಾರ ನೋಡಿ, ‘ಈಗ 2009, ನಿನ್ನ ಪಾಸ್ ಇನ್ನೂ ಶುರುವೇ ಆಗಿಲ್ಲ, ಇಳಿ’ ಅಂದರೆ ಹೇಗಿರುತ್ತದೆ? ಪಾಸ್ ಸರಿಯಿದೆ, ಕೆಟ್ಟಿರುವುದು ಗಡಿಯಾರ. ಪ್ರತಿಯೊಂದು ಸುರಕ್ಷಿತ ವೆಬ್‌ಸೈಟಿಗೂ ಅಂಥದೊಂದು ಪಾಸ್ ಇರುತ್ತದೆ, ಅದಕ್ಕೆ ಸರ್ಟಿಫಿಕೇಟ್ ಅನ್ನುತ್ತಾರೆ. ಅದರಲ್ಲಿ ಇಂಥ ದಿನದಿಂದ ಇಂಥ ದಿನದವರೆಗೆ ಎಂದು ಬರೆದಿರುತ್ತದೆ. ಬಹಳ ವೆಬ್‌ಸೈಟುಗಳು ಲೆಟ್ಸ್ ಎನ್‌ಕ್ರಿಪ್ಟ್ ಎಂಬ ಸಂಸ್ಥೆಯಿಂದ ಉಚಿತವಾಗಿ ಪಡೆಯುವ ಪಾಸ್ ಹೆಚ್ಚೆಂದರೆ 90 ದಿನದ್ದು. ಹಾಗಿರುವಾಗ ಗಡಿಯಾರ ವರ್ಷಗಟ್ಟಲೆ ಹಿಂದೆ ಹೋದರೆ ಯಾವ ಪಾಸೂ ಒಪ್ಪಿಗೆಯಾಗದು.

ಮೊದಲು ದಿನಾಂಕ, ವರ್ಷ, ಗಂಟೆಯನ್ನು ಕೈಯಿಂದಲೇ ಸರಿಪಡಿಸಿ ಅರ್ಜಿ ಕಳಿಸಿಬಿಡು. ಆಮೇಲೆ ರೋಗಕ್ಕೆ ಮದ್ದು. ಕಂಪ್ಯೂಟರ್ ಆಫ್ ಇದ್ದಾಗಲೂ ಗಡಿಯಾರ ನಡೆಸಲು ಮದರ್‌ಬೋರ್ಡಿನ ಮೇಲೆ ನಾಣ್ಯದಂಥ ಒಂದು ಬ್ಯಾಟರಿ ಇರುತ್ತದೆ. ಹೆಚ್ಚಿನ ಕಡೆ ಅದರ ಹೆಸರು ಸಿಆರ್ 2032. ಈ ಅಂಕಿಯಲ್ಲಿ ಅಳತೆ ಅಡಗಿದೆ: 20 ಅಂದರೆ 20 ಮಿಲಿಮೀಟರ್ ಅಗಲ, 32 ಅಂದರೆ 3.2 ಮಿಲಿಮೀಟರ್ ದಪ್ಪ. ಕೆಲವು ವರ್ಷಕ್ಕೊಮ್ಮೆ ಅದು ಸಾಯುತ್ತದೆ. ಆಗ ಕರೆಂಟ್ ಹೋದಾಗಲೆಲ್ಲ ಕಂಪ್ಯೂಟರ್ ತನ್ನ ಬಾಲ್ಯಕ್ಕೆ ಓಡುತ್ತದೆ. ಪ್ಲಗ್ ಕಿತ್ತು, ದೊಡ್ಡವರ ಕೈಯಲ್ಲೇ ಹೊಸದು ಹಾಕಿಸು. ಮನೆಯಲ್ಲಿ ಪುಟ್ಟ ಮಕ್ಕಳಿದ್ದರೆ ಹಳೆಯದನ್ನು ಅವರ ಕೈಗೆ ಸಿಗದಂತೆ ಎಸೆಯಬೇಕು. ಇಂಥ ಬ್ಯಾಟರಿ ನುಂಗಿದರೆ ಗಂಟಲು ಸುಟ್ಟುಹೋಗುತ್ತದೆ, ತಡಮಾಡದೆ ಆಸ್ಪತ್ರೆಗೆ ಓಡಬೇಕಾಗುತ್ತದೆ.

ಒಂದು ಮಾತು. ಆ ಕೆಂಪು ಪುಟದಲ್ಲಿ ‘ಆದರೂ ಮುಂದುವರಿಯಿರಿ’ ಎಂಬ ದಾರಿಯೂ ಇರುತ್ತದೆ. ಗಡಿಯಾರ ಸರಿಯಿದ್ದೂ ಕೆಂಪು ಬಂದರೆ ಅದನ್ನು ಒತ್ತಬೇಡಿ, ಬ್ಯಾಂಕಿನ ಪುಟವಾದರಂತೂ ಖಂಡಿತ ಬೇಡ.

ಚನ್ನಗಿರಿಯ ಅಜ್ಜನ ಪತ್ರ ಓದಿ ನನಗೆ ಎದೆ ಝಲ್ಲೆಂದಿತು. ಪಿಂಚಣಿಗಾಗಿ ಜೀವನ ಪ್ರಮಾಣಪತ್ರವನ್ನು ಫೋನಿನಲ್ಲೇ ಕೊಡಲು ಹೋಗಿದ್ದಾರೆ. ಆ್ಯಪ್ ಪದೇಪದೇ ‘ಸರ್ವರ್ ಸಂಪರ್ಕ ಸಿಗುತ್ತಿಲ್ಲ’ ಅಂದಿದೆ. ಗೂಗಲ್‌ನಲ್ಲಿ ‘ಕಸ್ಟಮರ್ ಕೇರ್’ ಎಂದು ಹುಡುಕಿ, ಸಿಕ್ಕ ನಂಬರಿಗೆ ಫೋನ್ ಮಾಡಿದ್ದಾರೆ. ಆ ಕಡೆಯವನು ಬಲು ಮರ್ಯಾದೆಯಿಂದ ಮಾತಾಡಿ, ‘ಒಂದು ಸಣ್ಣ ಆ್ಯಪ್ ಹಾಕಿಕೊಳ್ಳಿ, ನಾನೇ ನಿಮ್ಮ ಸ್ಕ್ರೀನ್ ನೋಡಿ ಸರಿಮಾಡುತ್ತೇನೆ’ ಅಂದನಂತೆ. ಏಳನೇ ತರಗತಿ ಮೊಮ್ಮಗಳು ಫೋನ್ ಕಿತ್ತುಕೊಂಡು ಕಟ್ ಮಾಡಿದಳು. ದೊಡ್ಡವರ ಮಾತಿಗೆ ಅಡ್ಡ ಬಂದಳೆಂದು ಅಜ್ಜ ಗದರಿದ್ದಾರೆ. ಗದರಿದ್ದು ಸರಿಯೇ ಎಂಬುದು ಅವರ ಪ್ರಶ್ನೆ.

ಅಜ್ಜ, ಇವತ್ತೇ ಅವಳಿಗೆ ಮಂಡಕ್ಕಿ-ಮೆಣಸಿನಕಾಯಿ ಕೊಡಿಸಿ. ಸ್ಕ್ರೀನ್ ಹಂಚುವ ಆ್ಯಪ್ ಹಾಕಿ, ಅದು ತೋರಿಸುವ ಸಂಖ್ಯೆಯನ್ನು ಹೇಳಿದ್ದರೆ ನಿಮ್ಮ ಫೋನಿಗೆ ಬರುವ ಒಟಿಪಿ ಅವನ ಕಣ್ಣಿಗೂ ಬೀಳುತ್ತಿತ್ತು. ನೆಟ್ ಸಿಗದೆ ಕಂಗಾಲಾದವರಿಗಾಗಿಯೇ ಇಂಥ ಸುಳ್ಳು ನಂಬರುಗಳನ್ನು ಹಾಕಿ ಕಾಯುವವರಿದ್ದಾರೆ. ಯಾರಾದರೂ ಈಗಾಗಲೇ ಹಣ ಕಳೆದುಕೊಂಡಿದ್ದರೆ ನಾಚಿಕೆಪಡದೆ 1930ಕ್ಕೆ ಕರೆ ಮಾಡಿ. ಅದು ಸರ್ಕಾರದ ಸೈಬರ್ ವಂಚನೆ ಸಹಾಯವಾಣಿ. ಬೇಗ ಹೇಳಿದಷ್ಟೂ ಹಣವನ್ನು ನಡುದಾರಿಯಲ್ಲಿ ತಡೆಯುವ ಅವಕಾಶ ಹೆಚ್ಚು.

ಇನ್ನು ನಿಮ್ಮ ಆ್ಯಪ್. ಮುಖ ತೋರಿಸಿ ಪ್ರಮಾಣಪತ್ರ ಕೊಡಲು ಎರಡು ಆ್ಯಪ್ ಬೇಕು: ಜೀವನ್ ಪ್ರಮಾಣ್ ಮತ್ತು ಆಧಾರ್ ಫೇಸ್ ಆರ್‌ಡಿ. ಎರಡನ್ನೂ ಪ್ಲೇ ಸ್ಟೋರಿನಿಂದಲೇ ಹಾಕಿ, ಅಪ್‌ಡೇಟ್ ಮಾಡಿ. ಹಗಲಿನಲ್ಲಿ ಆಗದಿದ್ದರೆ ಬೆಳಗಿನ ಜಾವ ಪ್ರಯತ್ನಿಸಿ, ಆಗ ಸರ್ವರಿನ ಮುಂದೆ ಸಾಲು ಕಡಿಮೆ. ಫೋನೇ ತೀರಾ ಹಳೆಯದಾದರೆ ಹೊಸ ಆ್ಯಪ್‌ಗಳು ಅದರೊಡನೆ ಮಾತು ಬಿಡುತ್ತವೆ. ವಾಟ್ಸ್ಆ್ಯಪ್ ಕೂಡ 2023ರ ಅಕ್ಟೋಬರ್‌ನಿಂದ ಆ್ಯಂಡ್ರಾಯ್ಡ್ 5ಕ್ಕಿಂತ ಹಳೆಯ ಫೋನುಗಳನ್ನು ಬಿಟ್ಟಿತು. ಯಾವುದೂ ಆಗದಿದ್ದರೆ ಪೋಸ್ಟ್‌ಮ್ಯಾನ್ ಇದ್ದಾರೆ. ಅಂಚೆ ಪೇಮೆಂಟ್ಸ್ ಬ್ಯಾಂಕಿನ ಮೂಲಕ ಅವರು ಮನೆಗೇ ಬಂದು, ಸಣ್ಣ ಶುಲ್ಕಕ್ಕೆ, ಇದನ್ನು ಮಾಡಿಕೊಡುತ್ತಾರೆ. ಕೇಂದ್ರ ಸರ್ಕಾರದ ಪಿಂಚಣಿದಾರರಲ್ಲಿ 80 ದಾಟಿದವರು ನವೆಂಬರ್‌ವರೆಗೆ ಕಾಯಬೇಕಿಲ್ಲ, ಅಕ್ಟೋಬರ್ 1ರಿಂದಲೇ ಕೊಡಬಹುದು.

ಹೊನ್ನಾಳಿಯ ಹುಡುಗನದು ಸುಲಭದ್ದು. ಅಣ್ಣ ಹಾಸ್ಟೆಲಿನಿಂದ ಲ್ಯಾಪ್‌ಟಾಪ್ ತಂದಿದ್ದಾನೆ. ಮನೆಯ ವೈಫೈಗೆ ಸೇರುತ್ತದೆ, ಆದರೆ ‘ಪ್ರಾಕ್ಸಿ ಸರ್ವರ್ ಉತ್ತರಿಸುತ್ತಿಲ್ಲ’ ಅನ್ನುತ್ತದೆ. ಹಾಸ್ಟೆಲಿನಲ್ಲಿ ಎಲ್ಲರ ಪತ್ರವೂ ವಾರ್ಡನ್ ಕೈದಾಟಿ ಹೋಗುವ ಹಾಗೆ, ಅಲ್ಲಿ ಎಲ್ಲರ ನೆಟ್ಟೂ ಒಂದು ಕಂಪ್ಯೂಟರ್ ಮೂಲಕ ಹೋಗುತ್ತಿತ್ತು. ಲ್ಯಾಪ್‌ಟಾಪ್ ಹೊನ್ನಾಳಿಯಲ್ಲೂ ವಾರ್ಡನ್‌ನನ್ನು ಹುಡುಕುತ್ತಿದೆ, ಪಾಪ! ಸೆಟ್ಟಿಂಗ್ಸ್‌ನಲ್ಲಿ ನೆಟ್‌ವರ್ಕ್, ಅದರೊಳಗೆ ಪ್ರಾಕ್ಸಿ, ಅದನ್ನು ಆಫ್ ಮಾಡು. ಅಣ್ಣ ವಾಪಸ್ ಹೋಗುವಾಗ ಮತ್ತೆ ಹಾಕಿಕೊಳ್ಳಲು ಬೇಕಾಗುತ್ತದೆ, ಅಲ್ಲಿದ್ದ ಅಂಕಿಗಳನ್ನು ಮೊದಲೇ ಬರೆದಿಟ್ಟುಕೋ.

ನ್ಯಾಮತಿಯ ಅಜ್ಜಿಗೆ ಮಗಳ ವಾಟ್ಸ್ಆ್ಯಪ್ ಮೆಸೇಜು ತಾನಾಗಿ ಬರುವುದಿಲ್ಲ, ಆ್ಯಪ್ ತೆರೆದಾಗ ಮಾತ್ರ ದಬದಬ ಬೀಳುತ್ತದೆಯಂತೆ. ಅಜ್ಜಿ, ಫೋನಿನಲ್ಲಿ ಡೇಟಾ ಸೇವರ್ ಆನ್ ಆಗಿರಬೇಕು. ಅದು ಡೇಟಾ ಉಳಿಸಲು, ತೆರೆದಿಲ್ಲದ ಆ್ಯಪ್‌ಗಳಿಗೆ ನೆಟ್ ಕೊಡುವುದಿಲ್ಲ. ಸೆಟ್ಟಿಂಗ್ಸ್‌ನಲ್ಲಿ ಅದನ್ನು ಆಫ್ ಮಾಡಿಸಿ, ಅಥವಾ ವಾಟ್ಸ್ಆ್ಯಪ್ ಒಂದಕ್ಕೆ ಮಾತ್ರ ವಿನಾಯಿತಿ ಕೊಡಿಸಿ. ಆಮೇಲೂ ತಡವಾದರೆ ಬ್ಯಾಟರಿ ಸೇವರ್ ಕಡೆ ನೋಡಿ.

ಮುಂದೆ ಬರೆಯುವವರು ಪರದೆಯ ಮೇಲೆ ಬಂದ ಸಂದೇಶವನ್ನು, ಇಂಗ್ಲಿಷಿನಲ್ಲಿದ್ದರೂ ಅರ್ಥವಾಗದಿದ್ದರೂ, ಅಕ್ಷರ ಬಿಡದೆ ನಕಲು ಮಾಡಿ ಕಳಿಸಿ. ಜಗಳೂರಿನ ಹುಡುಗಿಯ ಹಾಗೆ ಮೂಲೆಯ ಗಡಿಯಾರ ಎಷ್ಟು ತೋರಿಸುತ್ತಿದೆ ಅನ್ನುವುದನ್ನೂ ಬರೆಯಿರಿ.