ಪಕ್ಕದಲ್ಲಿ ಕೂತರೂ ಸಾಕು



ಪರಿಚಯದವರ ಮನೆಯಲ್ಲಿ ಸಾವಾದರೆ ನಿಮ್ಮಲ್ಲಿ ಅನೇಕರು ಹಿಂಜರಿಯುತ್ತೀರಿ. "ಹೋಗಿ ಏನು ಮಾತಾಡೋದು ಆಂಟಿ? ನಮಗೆ ಕನ್ನಡವೂ ಸರಿಯಾಗಿ ಬರೋದಿಲ್ಲ" ಎನ್ನುತ್ತೀರಿ. ವಾಟ್ಸಾಪ್‌ನಲ್ಲಿ ಕೈಮುಗಿದ ಚಿತ್ರ ಕಳಿಸಿ ಸುಮ್ಮನಾಗುತ್ತೀರಿ. ನಾನು ಬೆಳೆದದ್ದು ಕ್ರೈಸ್ತ ಮನೆಯಲ್ಲಿ. ದುಃಖದಲ್ಲಿರುವವರ ಜೊತೆ ಹೇಗಿರಬೇಕೆಂದು ಬೈಬಲ್ ಕಲಿಸುವುದನ್ನು ಈ ಸಲ ಬರೆಯುತ್ತೇನೆ. ಯಾವ ಧರ್ಮದವರಿಗಾದರೂ ಇದು ಉಪಯೋಗಕ್ಕೆ ಬಂದೀತು.

ಹಳೆಯ ಒಡಂಬಡಿಕೆಯಲ್ಲಿ ಯೋಬನ ಕಥೆಯಿದೆ. ಅವನ ಆಸ್ತಿ ಹೋಯಿತು, ಹತ್ತು ಮಕ್ಕಳು ಒಂದೇ ದಿನ ತೀರಿಕೊಂಡರು, ಮೈಯೆಲ್ಲ ಹುಣ್ಣಾಯಿತು. ಎಲೀಫಜ, ಬಿಲ್ದದ, ಚೋಫರ ಎಂಬ ಮೂವರು ಗೆಳೆಯರು ಬಂದು, ಏಳು ಹಗಲು ಏಳು ರಾತ್ರಿ ಒಂದು ಮಾತೂ ಆಡದೆ ಅವನೊಂದಿಗೆ ನೆಲದ ಮೇಲೆ ಕೂತರು. ಅಷ್ಟಕ್ಕೇ ನಿಲ್ಲಿಸಿದ್ದರೆ ಚೆನ್ನಾಗಿತ್ತು! ಆಮೇಲೆ ಬಾಯಿ ತೆರೆದು, ನೀನೇ ಏನೋ ಪಾಪ ಮಾಡಿರಬೇಕೆಂದು ವಾದಕ್ಕಿಳಿದರು. ಯೋಬ ನೋವಿನಲ್ಲಿ ದೇವರನ್ನೇ ಪ್ರಶ್ನಿಸಿದ. ಆದರೂ ಕೊನೆಗೆ ದೇವರು ಸಿಟ್ಟಾದದ್ದು ಆ ಗೆಳೆಯರ ಮೇಲೆ.

ಅಂಥ ಮಾತು ಇಂದಿಗೂ ನಿಂತಿಲ್ಲ. 2015ರ ಜುಲೈ 28ರ ರಾತ್ರಿ ನಮ್ಮ ಠಾಕುರ್ಲಿಯಲ್ಲೇ ಹಳೆಯ ಕಟ್ಟಡವೊಂದು ಕುಸಿದು ಒಂಬತ್ತು ಮಂದಿ ಸತ್ತರು. ಇಂಥ ಸಾವುಗಳಿಗೆ 'ಅವರವರ ಕರ್ಮ' ಎಂದುಬಿಡುವುದು ಸುಲಭ. ಲೂಕನ ಸುವಾರ್ತೆಯ 13ನೆಯ ಅಧ್ಯಾಯದಲ್ಲಿ ಸಿಲೋವದ ಬುರುಜು ಬಿದ್ದು 18 ಮಂದಿ ಸತ್ತ ಪ್ರಸ್ತಾಪವಿದೆ. ಅವರು ಮಿಕ್ಕವರಿಗಿಂತ ಹೆಚ್ಚು ಪಾಪಿಗಳಾಗಿದ್ದರೇ ಎಂದು ಯೇಸುಸ್ವಾಮಿ ಕೇಳಿ, ಇಲ್ಲವೆಂದು ತಾವೇ ಉತ್ತರ ಕೊಟ್ಟರು. ಬದುಕಿರುವವರು ತಮ್ಮನ್ನು ತಿದ್ದಿಕೊಳ್ಳಲಿ ಎಂದರು. ಸತ್ತವರ ಲೆಕ್ಕ ತೆಗೆಯುವ ಕೆಲಸ ನಮ್ಮದಲ್ಲ.

ಯೋಹಾನನ ಸುವಾರ್ತೆಯಲ್ಲಿ ಲಾಜರ ತೀರಿಕೊಂಡಾಗ ಅವನ ಇಬ್ಬರು ಸೋದರಿಯರಿಗೂ ಯೇಸು ಒಂದೇ ರೀತಿಯ ಸಮಾಧಾನ ಹೇಳಲಿಲ್ಲ. ಮಾತಾಡಬೇಕೆಂದು ಬಂದ ಮಾರ್ಥಳಿಗೆ ಪುನರುತ್ಥಾನದ ಭರವಸೆ ಕೊಟ್ಟರು. ಅಳುತ್ತಾ ಕಾಲಿಗೆ ಬಿದ್ದ ಮರಿಯಳನ್ನು ಕಂಡು ತಾವೂ ಅತ್ತರು. ಸ್ವಲ್ಪ ಹೊತ್ತಿನಲ್ಲೇ ಲಾಜರನನ್ನು ಎಬ್ಬಿಸಲಿದ್ದೇನೆಂದು ಗೊತ್ತಿದ್ದೂ ಅತ್ತರು! ಹಾಗಿರುವಾಗ 'ಸ್ವರ್ಗಕ್ಕೆ ಹೋಗಿದ್ದಾರೆ, ಅಳಬೇಡಿ' ಎಂದು ಬಾಯಿ ಮುಚ್ಚಿಸುವುದು ಕ್ರೈಸ್ತ ಸಾಂತ್ವನವಲ್ಲ. ಭರವಸೆಯೂ ಕಣ್ಣೀರೂ ಒಂದೇ ಮನೆಯಲ್ಲಿ ಇರಬಹುದು.

ಆದ್ದರಿಂದ, ಮೊದಲು ಹೋಗಿ. ಸುಮ್ಮನೆ ಕೂತುಕೊಳ್ಳಿ. 'ಏನಾದರೂ ಬೇಕಿದ್ದರೆ ಹೇಳಿ' ಎನ್ನಬೇಡಿ, ಅವರು ಹೇಳುವುದಿಲ್ಲ. ಗಂಜಿ ಮಾಡಿ ಒಯ್ಯಿರಿ, ಊರಿನಿಂದ ಬರುವವರನ್ನು ಕಲ್ಯಾಣ್ ಸ್ಟೇಷನ್ನಿನಿಂದ ಕರೆತನ್ನಿ, ಮರಣ ಪ್ರಮಾಣಪತ್ರದ ಓಡಾಟಕ್ಕೆ ಜೊತೆಯಾಗಿ. ಕ್ರೈಸ್ತ ಗೆಳೆಯರ ಮನೆಯಾದರೆ ಪ್ರಾರ್ಥನೆ ಗೊತ್ತಿಲ್ಲವೆಂದು ಹೊರಗೇ ನಿಲ್ಲಬೇಡಿ. ಮೌನವಾಗಿ ನಿಂತರೆ ಸಾಕು. ಸಮಾಧಿಗೆ ಎಲ್ಲರೂ ಒಂದು ಹಿಡಿ ಮಣ್ಣು ಹಾಕುವಾಗ ನೀವೂ ಹಾಕಬಹುದು.

ನೆಂಟರೆಲ್ಲ ಹೊರಟುಹೋದ ಮೇಲೆ ಮತ್ತೊಮ್ಮೆ ಹೋಗಿ. ತಿಂಗಳು ಕಳೆದ ಮೇಲೆ, ಮೊದಲ ಕ್ರಿಸ್ಮಸ್ಸಿಗೆ, ಮೊದಲ ದೀಪಾವಳಿಗೆ ಹೋಗಿ. ತೀರಿಕೊಂಡವರ ಹೆಸರೆತ್ತಲು ಹೆದರಬೇಡಿ. ಯಾರೂ ಆ ಹೆಸರೆತ್ತದಿರುವುದೇ ಹೆಚ್ಚು ನೋವು.

ಇನ್ನು ಕನ್ನಡದ ಮಾತು. ಈ ಊರಿಗೆ ಬಂದು ಎಷ್ಟು ವರ್ಷವಾದರೂ ನಿಮ್ಮ ಅಜ್ಜಿಯ ಅಳು ಬರುವುದು ಕನ್ನಡದಲ್ಲೇ. ಅಜ್ಜ ಹೋದ ಮನೆಯಲ್ಲಿ ಆಕೆ ಒಬ್ಬರೇ ಕೂತಿದ್ದರೆ ಇಂಗ್ಲಿಷಿನಲ್ಲಿ ಧೈರ್ಯ ಹೇಳಬೇಡಿ. ಕೈ ಹಿಡಿದು, "ಊಟ ಮಾಡಿದ್ರಾ ಅಜ್ಜಿ?" ಎನ್ನಿ. "ಅಜ್ಜ ಚಿಕ್ಕವರಿದ್ದಾಗ ಹೇಗಿದ್ರು?" ಎಂದು ಕೇಳಿ. ನಿಮ್ಮ ವ್ಯಾಕರಣದ ತಪ್ಪನ್ನು ಆಕೆ ಎಣಿಸುವುದಿಲ್ಲ. ಆಮೇಲೆ ಮಾತಾಡುವವರು ಅವರೇ, ನೀವು ಕೇಳಿಸಿಕೊಂಡರಾಯಿತು.